ಕರಿಕಲ್ಲಿನ ಕೆಸರು ಹಿಂಡುವ ಯಂತ್ರ: ಫಿಲ್ಟರ್ ಪ್ರೆಸ್‌ನ ನಿತ್ಯ ನಿಗಾ

ಚಾಮರಾಜನಗರದ ಹೆಸರು ಶಿಲೆಯ ವ್ಯಾಪಾರದಲ್ಲಿ ದೇಶದ ಗಡಿಯಾಚೆಗೂ ಪರಿಚಿತವಾಗಿರುವುದಕ್ಕೆ ಇಲ್ಲಿಯ ಕರಿಕಲ್ಲು ಕಾರಣ. ವ್ಯಾಪಾರಿಗಳು ಇದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನದ ವರ್ಗೀಕರಣದಲ್ಲಿ ಇದು ಡಾಲರೈಟ್ ಜಾತಿಗೆ ಸೇರಿದ ಶಿಲೆಯಾಗಿದ್ದು, ಪುರಾತನ ಬಂಡೆಗಳ ಬಿರುಕುಗಳಿಗೆ ನೆಲದಾಳದ ಶಿಲಾರಸ ನುಗ್ಗಿ, ಅಲ್ಲಿಯೇ ತಣಿದು ಗಟ್ಟಿಗೊಂಡು ಉಂಟಾದ ಒಡ್ಡುಗಳಲ್ಲಿ ದೊರೆಯುತ್ತದೆ. ಕಣಗಳು ಸಣ್ಣದಾಗಿ, ಒತ್ತೊತ್ತಾಗಿ ಇರುವುದರಿಂದ ಪಾಲಿಷ್ ಮಾಡಿದಾಗ ಕನ್ನಡಿಯಂತೆ ಹೊಳೆಯುವ ಈ ಕಲ್ಲಿಗೆ ಕಟ್ಟಡಗಳಲ್ಲಿಯೂ ಸಮಾಧಿ ಮತ್ತು ಸ್ಮಾರಕಗಳ ನಿರ್ಮಾಣದಲ್ಲಿಯೂ ಬೇಡಿಕೆಯಿದೆ. ಕ್ವಾರಿಗಳಿಂದ ತೆಗೆದ ದಿಮ್ಮಿಗಳಲ್ಲಿ ಬಹಳಷ್ಟು ಹಾಗೆಯೇ ಹೊರಗೆ ಹೋಗುತ್ತವೆ; ಉಳಿದವುಗಳನ್ನು ಕೊಯ್ದು, ಉಜ್ಜಿ, ಚಪ್ಪಡಿಗಳನ್ನಾಗಿಸುವ ಘಟಕಗಳು ಜಿಲ್ಲೆಯಲ್ಲಿಯೂ ನೆರೆಯ ಮೈಸೂರಿನ ಕಡೆಯೂ ಇವೆ. ಈ ಘಟಕಗಳಲ್ಲಿ ಕಲ್ಲಿನಷ್ಟೇ ಮುಖ್ಯವಾದ ಇನ್ನೊಂದು ವಸ್ತು ನೀರು. ಆ ನೀರನ್ನು ಮತ್ತೆ ಬಳಕೆಗೆ ತರುವ ಯಂತ್ರ ಫಿಲ್ಟರ್ ಪ್ರೆಸ್.

ಕಲ್ಲು ಕೊಯ್ಯುವ ವಜ್ರದ ಹಲ್ಲಿನ ಗರಗಸವಾಗಲಿ, ಉಕ್ಕಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಉಕ್ಕಿನ ಹರಳು ಮತ್ತು ಸುಣ್ಣದ ನೀರಿನ ನೆರವಿನಿಂದ ದಿಮ್ಮಿಯನ್ನು ಸೀಳುವ ಗ್ಯಾಂಗ್ ಸಾ ಯಂತ್ರವಾಗಲಿ, ಚಪ್ಪಡಿಯ ಮೈಯನ್ನು ಉಜ್ಜುವ ಪಾಲಿಷ್ ಯಂತ್ರವಾಗಲಿ ನೀರಿಲ್ಲದೆ ಕೆಲಸ ಮಾಡಲಾರವು. ನೀರು ಗರಗಸವನ್ನು ತಣಿಸುತ್ತದೆ, ದೂಳು ಗಾಳಿಗೆ ಏಳದಂತೆ ತಡೆಯುತ್ತದೆ, ಸವೆದ ಕಲ್ಲಿನ ಪುಡಿಯನ್ನು ಕೊಯ್ತದ ಜಾಡಿನಿಂದ ತೊಳೆದು ಹೊರಹಾಕುತ್ತದೆ. ಹೀಗೆ ಹೊರಬೀಳುವ ಬೂದುಬಣ್ಣದ ಕೆಸರುನೀರಿಗೆ ಕಾರ್ಖಾನೆಗಳಲ್ಲಿ ಸ್ಲರಿ ಎಂದು ಹೆಸರು. ಅದನ್ನು ಹಾಗೆಯೇ ಚರಂಡಿಗೆ ಬಿಟ್ಟರೆ ಹಿಟ್ಟಿನಷ್ಟು ನಯವಾದ ಕಲ್ಲಿನ ಪುಡಿ ಹಳ್ಳದ ತಳದಲ್ಲಿ, ಕೆರೆಯ ಅಂಗಳದಲ್ಲಿ, ಹೊಲದ ಮಣ್ಣಿನ ಮೇಲೆ ಪದರುಗಟ್ಟಿ ನೀರು ಇಂಗುವ ದಾರಿಯನ್ನೇ ಮುಚ್ಚುತ್ತದೆ. ಒಣಗಿದ ಮೇಲೆ ಗಾಳಿಗೆ ದೂಳಾಗಿ ಏಳುತ್ತದೆ.

ಈ ಸೀಮೆಯಲ್ಲಿ ನೀರಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳು ಪಶ್ಚಿಮ ಘಟ್ಟ ಹಾಗೂ ನೀಲಗಿರಿ ಬೆಟ್ಟಗಳ ಮಳೆನೆರಳಿನಲ್ಲಿವೆ. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ಮಳೆಯನ್ನೇ ನಂಬಿಕೊಂಡಿವೆ; ನಂಜನಗೂಡಿನ ಬಳಿ ಕಬಿನಿಯನ್ನು ಸೇರುವ ಗುಂಡ್ಲುಹೊಳೆ ವರ್ಷದ ಬಹುಪಾಲು ಬತ್ತಿರುತ್ತದೆ; ಕಳೆದ ದಶಕದ ಅಂತರ್ಜಲ ಮೌಲ್ಯಮಾಪನಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕು ಅತಿಬಳಕೆಯ ವರ್ಗದಲ್ಲಿ ಸೇರಿತ್ತು. ಕಬಿನಿಯ ನೀರನ್ನು ಏತದಿಂದ ಎತ್ತಿ ತಂದು ಕೆರೆಗಳನ್ನು ತುಂಬಿಸಬೇಕಾದ ಇಂಥ ನಾಡಿನಲ್ಲಿ, ಕೊಳವೆಬಾವಿಯ ನೀರನ್ನು ಒಮ್ಮೆ ಬಳಸಿ ಚೆಲ್ಲುವ ಕಾರ್ಖಾನೆ ಹೆಚ್ಚು ಕಾಲ ನಡೆಯಲಾರದು.

ಯಂತ್ರದ ರಚನೆ ಮತ್ತು ಕೆಲಸ

ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರವಿಟ್ಟು ನೀರು ಬಸಿಯುವ ಅಡುಗೆಮನೆಯ ವಿಧಾನವೇ ಫಿಲ್ಟರ್ ಪ್ರೆಸ್‌ನ ಮೂಲತತ್ತ್ವ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಈ ಯಂತ್ರ ಇಂದು ಸಕ್ಕರೆ, ಬಣ್ಣ, ಔಷಧ, ಖನಿಜ, ಕೊಳಚೆ ನೀರಿನ ಶುದ್ಧೀಕರಣ ಮೊದಲಾದ ಹತ್ತಾರು ಕ್ಷೇತ್ರಗಳಲ್ಲಿದೆ. ಉಕ್ಕಿನ ಚೌಕಟ್ಟಿನ ಎರಡು ಬದಿಯ ತೊಲೆಗಳ ಮೇಲೆ ಪಾಲಿಪ್ರೊಪಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಾಕಾರದ ಪ್ಲೇಟುಗಳು ಸಾಲಾಗಿ ತೂಗಿರುತ್ತವೆ. ಪ್ರತಿ ಪ್ಲೇಟಿನ ಎರಡೂ ಮುಖಗಳ ನಡುಭಾಗ ತಗ್ಗಾಗಿದ್ದು, ಸುತ್ತಲಿನ ಅಂಚು ಎತ್ತರವಾಗಿರುತ್ತದೆ. ಎರಡು ಪ್ಲೇಟುಗಳ ಅಂಚುಗಳು ಒಂದಕ್ಕೊಂದು ಕೂಡಿದಾಗ ನಡುವೆ ಸುಮಾರು 25ರಿಂದ 40 ಮಿಲಿಮೀಟರ್ ದಪ್ಪದ ಒಂದು ಕೋಣೆ ಏರ್ಪಡುತ್ತದೆ. ಪ್ಲೇಟಿನ ಮೇಲೆ ಸೋಸುಬಟ್ಟೆ ಹೊದಿಸಿರುತ್ತದೆ. ಚೌಕಟ್ಟಿನ ಒಂದು ತುದಿಯ ದಪ್ಪ ತಲೆ ಕದಲದಂತೆ ನಿಂತಿರುತ್ತದೆ. ಇನ್ನೊಂದು ತುದಿಯಲ್ಲಿ ಹೈಡ್ರಾಲಿಕ್ ಸಿಲಿಂಡರ್, ಅಂದರೆ ಎಣ್ಣೆಯ ಒತ್ತಡದಿಂದ ಚಾಚುವ ಉಕ್ಕಿನ ದಂಡ, ಚಲಿಸುವ ತಲೆಯನ್ನು ತಳ್ಳಿ ಎಲ್ಲ ಪ್ಲೇಟುಗಳನ್ನೂ ಬಿಗಿಯಾಗಿ ಒತ್ತಿ ಹಿಡಿಯುತ್ತದೆ.

ಘಟಕದಿಂದ ಬರುವ ಸ್ಲರಿ ಮೊದಲು ಎತ್ತರದ ತೊಟ್ಟಿಯೊಂದರಲ್ಲಿ ತಂಗುತ್ತದೆ. ಅಲ್ಲಿ ಪಾಲಿಅಕ್ರಿಲಮೈಡ್ ಜಾತಿಯ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದಾಗ ಬಿಡಿಬಿಡಿ ಕಣಗಳು ಗುಂಪುಗೂಡಿ ತಳಕ್ಕೆ ಇಳಿಯುತ್ತವೆ, ಮೇಲಿನ ತಿಳಿನೀರು ಮರಳಿ ಗರಗಸಗಳಿಗೆ ಹೋಗುತ್ತದೆ. ತಳದ ದಪ್ಪ ಕೆಸರನ್ನು ಪಂಪು ಫಿಲ್ಟರ್ ಪ್ರೆಸ್‌ಗೆ ತಳ್ಳುತ್ತದೆ. ಪ್ಲೇಟುಗಳ ರಂಧ್ರದ ಮೂಲಕ ಅದು ಎಲ್ಲ ಕೋಣೆಗಳನ್ನೂ ತುಂಬುತ್ತದೆ, ನೀರು ಬಟ್ಟೆಯನ್ನು ದಾಟಿ ನಲ್ಲಿಗಳಿಂದ ಹೊರಬರುತ್ತದೆ, ಕಲ್ಲಿನ ಪುಡಿ ಒಳಗೆ ಉಳಿದು ಗಟ್ಟಿ ಬಿಲ್ಲೆಯಾಗುತ್ತದೆ. ಈ ಬಿಲ್ಲೆಗೆ ಕಾರ್ಖಾನೆಯ ಭಾಷೆಯಲ್ಲಿ ಕೇಕ್ ಎನ್ನುತ್ತಾರೆ. ಪ್ಲೇಟುಗಳನ್ನು ಕೂಡಿಸಿ ಕೆಸರು ತುಂಬುವುದರಿಂದ ಹಿಡಿದು, ಮತ್ತೆ ತೆರೆದು ಕೇಕ್ ಬೀಳಿಸುವವರೆಗಿನ ಕೆಲಸ ಒಂದು ಸುತ್ತು. ನೂರಕ್ಕೆ ಹತ್ತು ಪಾಲು ಕಲ್ಲಿನ ಪುಡಿಯಿರುವ 1,000 ಕಿಲೋಗ್ರಾಂ ಸ್ಲರಿಯನ್ನು ಹಿಂಡಿ, ಕೇಕ್‌ನಲ್ಲಿ ತೂಕದ ಕಾಲುಭಾಗದಷ್ಟು ನೀರು ಮಾತ್ರ ಉಳಿಯುವಂತೆ ಮಾಡಿದರೆ ದೊರೆಯುವ ಕೇಕ್ ಸುಮಾರು 133 ಕಿಲೋಗ್ರಾಂ, ಮರಳಿ ಸಿಗುವ ನೀರು ಸುಮಾರು 867 ಕಿಲೋಗ್ರಾಂ. ಸ್ಲರಿಯಲ್ಲಿದ್ದ ನೀರಿನಲ್ಲಿ ನೂರಕ್ಕೆ 96 ಪಾಲು ಹೀಗೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕೆಡುಕಿನ ಮೂಲ ಎಲ್ಲಿ

ಯಂತ್ರದೊಳಗೆ ಕೆಲಸ ಮಾಡುವ ಬಲಗಳ ಪ್ರಮಾಣವನ್ನು ತಿಳಿದರೆ ಅದರ ನಿರ್ವಹಣೆಗೆ ಅಷ್ಟು ಮಹತ್ವ ಏಕೆಂಬುದು ಸ್ಪಷ್ಟವಾಗುತ್ತದೆ. 800 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಪ್ಲೇಟಿನ ಮೈ 6,400 ಚದರ ಸೆಂಟಿಮೀಟರ್. ಸಾಮಾನ್ಯ ಫಿಲ್ಟರ್ ಪ್ರೆಸ್‌ಗಳಲ್ಲಿ ಸ್ಲರಿಯ ಒತ್ತಡ ಏಳು ಬಾರ್‌ವರೆಗೆ ಏರುತ್ತದೆ. ಒಂದು ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ತೂಕದ ಒತ್ತು. ಆದ್ದರಿಂದ ಪ್ಲೇಟುಗಳನ್ನು ಬಿಡಿಸಿ ಚಿಮ್ಮಲು ಹವಣಿಸುವ ಬಲ ಸುಮಾರು 45 ಟನ್ ಆಗುತ್ತದೆ, ಅವುಗಳನ್ನು ಕೂಡಿಸಿ ಹಿಡಿಯುವ ಸಿಲಿಂಡರ್ ಅದಕ್ಕಿಂತ ಹೆಚ್ಚಿನ ಬಲವನ್ನು ಸದಾ ಕೊಡುತ್ತಿರಬೇಕಾಗುತ್ತದೆ. ಇಷ್ಟು ದೊಡ್ಡ ಬಲವನ್ನು ತಡೆದು ನೀರು ಸೋರದಂತೆ ನೋಡಿಕೊಳ್ಳುವುದು ಪ್ಲೇಟಿನ ಸುತ್ತಲಿನ ಕೆಲವೇ ಬೆರಳಗಲದ ಅಂಚು.

ಅಂಚಿನ ಮೇಲೆ ಒಣಗಿದ ಕೇಕ್‌ನ ಒಂದು ಚೂರು ಉಳಿದರೂ ಎರಡು ಪ್ಲೇಟುಗಳು ಅಲ್ಲಿ ಪೂರ್ತಿ ಕೂಡುವುದಿಲ್ಲ. ಆ ಸಂದಿಯಿಂದ ಒತ್ತಡದ ಕೆಸರುನೀರು ಸಣ್ಣ ಎಳೆಯಾಗಿ ಚಿಮ್ಮಲು ತೊಡಗುತ್ತದೆ. ಉಕ್ಕಿನ ಹರಳು ಮತ್ತು ಕಲ್ಲಿನ ಪುಡಿ ಕೂಡಿದ ಆ ಎಳೆ ಉಪ್ಪುಕಾಗದದ ಹಾಗೆ ಅಂಚನ್ನು ಕೊರೆಯುತ್ತಾ ಹೋಗಿ ಮುಂದೆ ಎಷ್ಟೇ ಸ್ವಚ್ಛಗೊಳಿಸಿದರೂ ಮುಚ್ಚದ ಗೆರೆಯನ್ನು ಉಳಿಸುತ್ತದೆ. ಚೂರು ಇನ್ನೂ ದೊಡ್ಡದಾಗಿದ್ದರೆ ಸಿಲಿಂಡರಿನ ಬಲವೆಲ್ಲ ಆ ಒಂದು ಬಿಂದುವಿನ ಮೇಲೆ ಬಿದ್ದು ಪ್ಲೇಟಿನ ಮೂಲೆ ಬಿರುಕು ಬಿಡುತ್ತದೆ.

ಎರಡನೆಯ ಅಪಾಯ ಕೆಸರು ಒಳಬರುವ ರಂಧ್ರದಲ್ಲಿದೆ. ಹಿಂದಿನ ಸುತ್ತಿನ ಕೇಕ್ ಆ ರಂಧ್ರದಲ್ಲಿ ಸಿಕ್ಕಿಕೊಂಡು ಉಳಿದರೆ ಮುಂದಿನ ಸುತ್ತಿನಲ್ಲಿ ಅದರಾಚೆಯ ಕೋಣೆ ತುಂಬುವುದಿಲ್ಲ, ಈಚೆಯ ಕೋಣೆ ಮಾತ್ರ ತುಂಬಿ ಒತ್ತಡಕ್ಕೆ ಬರುತ್ತದೆ. ಎರಡು ಕೋಣೆಗಳ ನಡುವಿನ ಪ್ಲೇಟಿಗೆ ಎರಡೂ ಬದಿಯಿಂದ ಸಮನಾದ ಒತ್ತಡವಿದ್ದಾಗ ಅದಕ್ಕೆ ಯಾವ ಕಷ್ಟವೂ ಇಲ್ಲ. ಆದರೆ ಪೂರ್ಣ ಒತ್ತಡದ ಹತ್ತನೆಯ ಒಂದು ಪಾಲಿನಷ್ಟು ವ್ಯತ್ಯಾಸ ಬಂದರೂ ಮೇಲಿನ ಲೆಕ್ಕದಂತೆ ಒಂದೇ ಬದಿಯಿಂದ ನಾಲ್ಕೂವರೆ ಟನ್ ಬಲ ಬೀಳುತ್ತದೆ, ಪ್ಲೇಟು ಬಾಗುತ್ತದೆ, ಹಾಗೆಯೇ ನಡೆಸಿದರೆ ಮುರಿಯುತ್ತದೆ. ಸುತ್ತಿನ ನಡುವೆ ಕರೆಂಟ್ ಹೋಗಿ ಪಂಪು ನಿಂತಾಗಲೂ ಇಂಥದೇ ಸ್ಥಿತಿ ಒದಗಬಹುದು: ಅರೆತುಂಬಿದ ಕೋಣೆಗಳಲ್ಲಿ ಭಾರವಾದ ಪುಡಿ ಕೆಳಭಾಗಕ್ಕೆ ಇಳಿದು ಕೂರುತ್ತದೆ, ಪಂಪು ಮತ್ತೆ ಶುರುವಾದಾಗ ಕೇಕ್ ಸಮನಾಗಿ ಬೆಳೆಯುವುದಿಲ್ಲ. ಹೆಚ್ಚು ಹೊತ್ತು ಕರೆಂಟ್ ಬಾರದಿದ್ದರೆ, ಬಂದ ಮೇಲೆ ಅದೇ ಸುತ್ತನ್ನು ಮುಂದುವರಿಸುವ ಬದಲು ಪ್ರೆಸ್ ತೆರೆದು ತೊಳೆದು ಹೊಸದಾಗಿ ಆರಂಭಿಸುವುದು ಕ್ಷೇಮ.

ದಿನದ ಕೆಲಸ

ಇದರಿಂದ ನಿರ್ವಹಣೆಯ ಮೊದಲ ಪಾಠ ತಾನಾಗಿ ಸಿದ್ಧವಾಗುತ್ತದೆ: ಪ್ರತಿ ಸುತ್ತಿನ ಕೊನೆಯಲ್ಲಿ ಕೇಕ್ ಬೀಳಿಸಿದ ಮೇಲೆ ಪ್ರತಿ ಪ್ಲೇಟಿನ ನಾಲ್ಕೂ ಅಂಚುಗಳನ್ನು, ವಿಶೇಷವಾಗಿ ಕಣ್ಣಿಗೆ ಮರೆಯಾಗಿರುವ ಕೆಳಗಿನ ಅಂಚನ್ನು ಕೆರೆದು ಒರೆಸಬೇಕು, ನಡುರಂಧ್ರ ತೆರೆದಿದೆಯೇ ಎಂದು ನೋಡಬೇಕು, ಬಟ್ಟೆಯಲ್ಲಿ ಮಡಿಕೆ ಬಿದ್ದಿದ್ದರೆ ಎಳೆದು ನೇರಮಾಡಬೇಕು. ಕೆರೆಯುವ ಸಾಧನ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಬೇಕೇ ಹೊರತು ಕಬ್ಬಿಣದ ಸಲಾಕೆ ಕೂಡದು. ಬಟ್ಟೆ ಹರಿಯುವುದೂ ಅಂಚಿನಲ್ಲಿ ಗೀರು ಬೀಳುವುದೂ ಬಹುಮಟ್ಟಿಗೆ ಅವಸರದಲ್ಲಿ ಕೈಗೆ ಸಿಕ್ಕ ಕಬ್ಬಿಣವನ್ನು ಬಳಸಿದ್ದರ ಫಲ.

ಪ್ರೆಸ್ ನಡೆಯುತ್ತಿರುವಾಗ ಆಪರೇಟರನ ಕಣ್ಣು ನಲ್ಲಿಗಳ ಮೇಲಿರಬೇಕು. ಪ್ರತಿ ಪ್ಲೇಟಿಗೂ ಪ್ರತ್ಯೇಕ ನಲ್ಲಿಯಿರುವ ಯಂತ್ರಗಳಲ್ಲಿ ಇದೊಂದು ದೊಡ್ಡ ಅನುಕೂಲ. ಆರಂಭದ ಕೆಲವು ನಿಮಿಷ ಎಲ್ಲ ನಲ್ಲಿಗಳಲ್ಲಿಯೂ ನೀರು ತುಸು ಕದಡಿರುವುದು ಸಹಜ, ಏಕೆಂದರೆ ಬಟ್ಟೆಯ ಮೇಲೆ ಕೇಕ್‌ನ ತೆಳುಪದರ ಕಟ್ಟಿದ ಮೇಲೆ ಮುಂದಿನ ಸೋಸುವಿಕೆಯನ್ನು ಆ ಪದರವೇ ಮಾಡುತ್ತದೆ. ಉಳಿದವೆಲ್ಲ ತಿಳಿಯಾದ ಮೇಲೂ ಒಂದು ನಲ್ಲಿ ಮಾತ್ರ ಬೂದುಬಣ್ಣದ ನೀರನ್ನೇ ಸುರಿಸುತ್ತಿದ್ದರೆ ಆ ಪ್ಲೇಟಿನ ಬಟ್ಟೆ ಹರಿದಿದೆ ಅಥವಾ ಜಾರಿದೆ ಎಂದು ತಿಳಿಯಬೇಕು; ಒಂದು ನಲ್ಲಿ ಒಣಗಿದ್ದರೆ ಆ ಕೋಣೆಗೆ ಕೆಸರು ತಲುಪಿಲ್ಲ ಅಥವಾ ಬಟ್ಟೆಯ ರಂಧ್ರಗಳು ಮುಚ್ಚಿಹೋಗಿವೆ ಎಂದು ಅರ್ಥ. ಪಂಪಿನ ಒತ್ತಡವನ್ನು ಮೊದಲಿಗೇ ಪೂರ್ತಿ ಏರಿಸದೆ ಹಂತಹಂತವಾಗಿ ಏರಿಸುವುದೂ ದಿನದ ಶಿಸ್ತಿಗೆ ಸೇರಿದ್ದು. ಬರಿಯ ಬಟ್ಟೆಯ ಮೇಲೆ ಒಮ್ಮೆಗೇ ಹೆಚ್ಚಿನ ಒತ್ತಡ ಬಿದ್ದರೆ ನಯವಾದ ಪುಡಿ ನೂಲಿನ ಎಳೆಗಳೊಳಗೆ ನುಗ್ಗಿ ಅಲ್ಲಿಯೇ ಬೇರೂರುತ್ತದೆ.

ಶಿಫ್ಟ್ ಮುಗಿದಾಗಲೋ ಭಾನುವಾರದ ರಜೆಗೆ ಮುನ್ನವೋ ಪ್ರೆಸ್‌ನೊಳಗೆ ಕೆಸರು ಬಿಟ್ಟು ಹೋಗುವುದು ತೀರಾ ಕೆಟ್ಟ ಅಭ್ಯಾಸ. ಸುಣ್ಣ ಬೆರೆತ ಕಲ್ಲಿನ ಪುಡಿ ಒಣಗಿದ ಮೇಲೆ ಗಾರೆಯಂತೆ ಗಟ್ಟಿಯಾಗಿ ಪೈಪುಗಳನ್ನೂ ಪಂಪನ್ನೂ ಹಿಡಿದುಬಿಡುತ್ತದೆ.

ವಾರ ಮತ್ತು ತಿಂಗಳ ಕೆಲಸ

ವಾರಕ್ಕೊಮ್ಮೆಯಾದರೂ ಬಟ್ಟೆಗಳನ್ನು ಒತ್ತಡದ ನೀರಿನಿಂದ ತೊಳೆಯಬೇಕಾಗುತ್ತದೆ. ತೊಳೆಯುವ ಮೂತಿಯನ್ನು ಬಟ್ಟೆಗೆ ತೀರಾ ಹತ್ತಿರ ಹಿಡಿದರೆ ನೂಲು ಸರಿದು ರಂಧ್ರವಾಗುವುದರಿಂದ ತುಸು ದೂರವಿಟ್ಟು, ಮೇಲಿನಿಂದ ಕೆಳಕ್ಕೆ ತೊಳೆಯುವುದು ಕ್ರಮ. ನೀರಿಗೆ ಜಗ್ಗದ ಬಿಳಿಯ ಗಡುಸು ಕಂಡುಬಂದರೆ ಅದು ಬಹುತೇಕ ಸುಣ್ಣದ ಅಂಶ; ಗ್ಯಾಂಗ್ ಸಾ ಯಂತ್ರದ ಸುಣ್ಣದ ಜೊತೆಗೆ ಈ ಭಾಗದ ಕೊಳವೆಬಾವಿಗಳ ಗಡುಸುನೀರೂ ಅದಕ್ಕೆ ಕಾರಣವಾಗುತ್ತದೆ. ಇಂಥ ಬಟ್ಟೆಗಳನ್ನು ಪ್ರೆಸ್‌ನಿಂದ ಬಿಚ್ಚಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೂರಕ್ಕೆ ಮೂರರಿಂದ ಐದು ಪಾಲಿನಷ್ಟು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಚೆನ್ನಾಗಿ ಜಾಲಿಸಿ ತೆಗೆಯುತ್ತಾರೆ. ಪಾಲಿಪ್ರೊಪಿಲೀನ್ ಬಟ್ಟೆ ಆಮ್ಲವನ್ನು ತಡೆಯುತ್ತದೆ, ನೈಲಾನ್ ತಡೆಯುವುದಿಲ್ಲ. ಆದ್ದರಿಂದ ಬಟ್ಟೆ ಯಾವುದೆಂದು ತಿಳಿಯದೆ ಆಮ್ಲಕ್ಕೆ ಹಾಕಬಾರದು. ಆಮ್ಲವನ್ನು ನೀರಿಗೆ ಸುರಿಯಬೇಕೇ ವಿನಾ ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ ಇರಲೇಬೇಕು; ಬ್ಲೀಚಿಂಗ್ ಪೌಡರ್ ಅದರ ಹತ್ತಿರ ಸುಳಿಯಬಾರದು, ಏಕೆಂದರೆ ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಬಟ್ಟೆ ಬಿಳಿಯ ಗಡುಸಿಲ್ಲದೆ ಲೋಳೆಲೋಳೆಯಾಗಿ ಮುಚ್ಚಿಕೊಂಡಿದ್ದರೆ ದೋಷವನ್ನು ತೊಟ್ಟಿಯ ಕಡೆ ಹುಡುಕಬೇಕು: ಕಣಗಳನ್ನು ಕೂಡಿಸುವ ರಾಸಾಯನಿಕವನ್ನು ಅಗತ್ಯಕ್ಕಿಂತ ಹೆಚ್ಚು ಹಾಕಿದಾಗ ಹೀಗಾಗುತ್ತದೆ.

ಇದೇ ಹೊತ್ತಿನಲ್ಲಿ ಪ್ಲೇಟುಗಳು ಜಾರುವ ಬದಿಯ ತೊಲೆಗಳನ್ನು ಒರೆಸುವುದು, ಪ್ಲೇಟು ಸರಿಸುವ ಸರಪಳಿಯ ಬಿಗಿಯನ್ನು ನೋಡುವುದು, ಪಂಪಿನ ಸೀಲ್ ಸೋರುತ್ತಿದೆಯೇ ಎಂದು ಗಮನಿಸುವುದು ನಡೆಯಬೇಕು. ಗ್ರೀಸ್ ಹಚ್ಚುವಾಗ ಮಿತಿಯಿರಬೇಕು. ಧಾರಾಳವಾಗಿ ಬಳಿದ ಗ್ರೀಸ್‌ಗೆ ಕಲ್ಲಿನ ಪುಡಿ ಅಂಟಿಕೊಂಡರೆ ಅದೇ ಉಜ್ಜುವ ಪದಾರ್ಥವಾಗಿ ಲೋಹವನ್ನು ತಿನ್ನುತ್ತದೆ.

ತಿಂಗಳಿಗೊಮ್ಮೆ ಹೈಡ್ರಾಲಿಕ್ ಭಾಗದ ಸರದಿ. ಎಣ್ಣೆ ತೊಟ್ಟಿಯ ಗಾಜಿನ ಕಿಂಡಿಯಲ್ಲಿ ಎಣ್ಣೆಯ ಮಟ್ಟದ ಜೊತೆಗೆ ಬಣ್ಣವನ್ನೂ ನೋಡಬೇಕು: ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಬಿಸಿಯಾಗಿದೆ. ಸೀಲ್‌ಗಳ ಸ್ಥಿತಿಯನ್ನು ಅರಿಯಲು ಸರಳವಾದ ಒಂದು ಪರೀಕ್ಷೆಯಿದೆ. ತೊಳೆದ ಪ್ಲೇಟುಗಳನ್ನು ಕೂಡಿಸಿ, ಪೂರ್ಣ ಒತ್ತಡಕ್ಕೆ ತಂದು, ಮೋಟಾರ್ ನಿಲ್ಲಿಸಿ, ಸ್ಲರಿ ಬಿಡದೆ ಹತ್ತು ನಿಮಿಷ ಗೇಜಿನ ಮುಳ್ಳನ್ನು ಗಮನಿಸಬೇಕು. ಮುಳ್ಳು ನಿಂತಲ್ಲಿಯೇ ನಿಂತರೆ ಸಿಲಿಂಡರ್ ಸರಿಯಾಗಿದೆ. ನಿಧಾನವಾಗಿ ಇಳಿಯುತ್ತಿದ್ದರೆ ಸೀಲ್ ಅಥವಾ ಕವಾಟ ಒಳಗೊಳಗೇ ಸೋರುತ್ತಿದೆ. ಹೊರಗೆ ಒಂದು ಹನಿ ಎಣ್ಣೆಯೂ ಕಾಣದಿದ್ದಾಗಲೂ ಈ ದೋಷ ಇರಬಹುದಾದ್ದರಿಂದ, ಸುತ್ತಿನ ನಡುವೆ ಪ್ಲೇಟುಗಳು ಸಡಿಲಗೊಂಡು ಕೆಸರು ಎರಚುವ ಮೊದಲೇ ಅದನ್ನು ಕಂಡುಹಿಡಿಯುವುದಕ್ಕೆ ಈ ಹತ್ತು ನಿಮಿಷ ಸಾಕು.

ಆರು ತಿಂಗಳಿಗೊಮ್ಮೆ ಎಲ್ಲ ಪ್ಲೇಟುಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಬಾಗಿದವನ್ನು, ಬಿರುಕುಬಿಟ್ಟವನ್ನು ಬದಲಿಸುವುದು, ಒತ್ತಡದ ಗೇಜನ್ನು ಸರಿಯಾದ ಗೇಜಿನೊಂದಿಗೆ ಹೋಲಿಸಿ ನೋಡುವುದು, ಚೌಕಟ್ಟು ಸಮಮಟ್ಟದಲ್ಲಿದೆಯೇ ಎಂದು ಅಳೆಯುವುದು ರೂಢಿಯಲ್ಲಿರಬೇಕಾದ ಕ್ರಮ. ಬಿಡಿ ಪ್ಲೇಟುಗಳನ್ನು ಅಂಗಳದ ಬಿಸಿಲಿನಲ್ಲಿ ಒರಗಿಸಿಡಬಾರದು. ಬಿಸಿಲಿನ ನೇರಳಾತೀತ ಕಿರಣಗಳಿಗೆ ಪಾಲಿಪ್ರೊಪಿಲೀನ್ ಕಾಲಕ್ರಮೇಣ ಸೆಡೆತು ಪೆಡಸಾಗುತ್ತದೆ.

ಕೈಯ ಸುರಕ್ಷತೆ, ಕಾನೂನಿನ ಹೊಣೆ

ಫಿಲ್ಟರ್ ಪ್ರೆಸ್‌ನಲ್ಲಿ ಕೆಲಸಗಾರರಿಗೆ ಒದಗುವ ದೊಡ್ಡ ಅಪಾಯ ಪ್ಲೇಟುಗಳ ನಡುವೆ ಕೈ ಸಿಕ್ಕುವುದು. ಒಬ್ಬರು ಅಂಚು ಕೆರೆಯುತ್ತಿರುವಾಗ ಇನ್ನೊಬ್ಬರು ಗುಂಡಿ ಒತ್ತಿದರೆ ಸಿಲಿಂಡರಿಗೆ ಕೈ ಯಾವುದು, ಕೇಕ್ ಯಾವುದು ಎಂಬ ಭೇದ ತಿಳಿಯದು. ಆದ್ದರಿಂದ ರಿಪೇರಿಗೆ ಮುನ್ನ ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನೇ ತನ್ನ ಜೇಬಿನಲ್ಲಿಟ್ಟುಕೊಳ್ಳುವ ಪದ್ಧತಿಯನ್ನು ಎಲ್ಲ ಕಾರ್ಖಾನೆಗಳೂ ಪಾಲಿಸಬೇಕು. ಚಲಿಸುವ ಯಂತ್ರಭಾಗಗಳಿಗೆ ಬೇಲಿಯಿರಬೇಕೆಂಬುದನ್ನೂ ಒತ್ತಡದ ಉಪಕರಣಗಳು ಸುರಕ್ಷಿತ ಮಿತಿಯನ್ನು ಮೀರಬಾರದೆಂಬುದನ್ನೂ 1948ರ ಕಾರ್ಖಾನೆಗಳ ಕಾಯ್ದೆಯೇ ವಿಧಿಸಿತ್ತು. ಬದಿಯ ಪರದೆಯನ್ನು ಕೆಲಸಕ್ಕೆ ಅಡ್ಡಿಯೆಂದು ಬಿಚ್ಚಿಡುವುದು, ತುರ್ತು ನಿಲುಗಡೆಯ ಹಗ್ಗ ತುಂಡಾದರೂ ಹಾಗೆಯೇ ನಡೆಸುವುದು ಆ ಹೊಣೆಯನ್ನು ಮುರಿದಂತೆ.

ಹೊರಬಂದ ಕೇಕ್‌ನ ವಿಲೇವಾರಿಯೂ ಇದೇ ಶಿಸ್ತಿನ ಮುಂದುವರಿಕೆ. ಕರಿಕಲ್ಲಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಕಡಿಮೆಯಾದರೂ ಅದೇ ಘಟಕಗಳಲ್ಲಿ ಕೊಯ್ಯುವ ಕೆಂಪು, ಬೂದು ಗ್ರಾನೈಟುಗಳಲ್ಲಿ ಅದು ಹೇರಳವಾಗಿರುತ್ತದೆ. ಒಣಗಿ ಗಾಳಿಗೆದ್ದ ಆ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶ ಗಟ್ಟಿಯಾಗುವ, ಗುಣಪಡಿಸಲಾಗದ ಸಿಲಿಕೋಸಿಸ್ ಬರಬಹುದು. ಆದ್ದರಿಂದ ಕೇಕ್ ರಾಶಿಯನ್ನು ತೇವವಾಗಿಡಬೇಕು ಅಥವಾ ಮುಚ್ಚಿಡಬೇಕು, ಹಳ್ಳದ ದಂಡೆಯಲ್ಲಿ ಸುರಿಯಬಾರದು. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯಂತೆ ಇಂಥ ಘಟಕಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು ನಡೆಯಬೇಕಾಗಿದ್ದು, ಕೆಟ್ಟು ನಿಂತ ಫಿಲ್ಟರ್ ಪ್ರೆಸ್ ಆ ಸಮ್ಮತಿಯ ಷರತ್ತುಗಳ ಉಲ್ಲಂಘನೆಗೆ ನೇರವಾಗಿ ದಾರಿ ಮಾಡಿಕೊಡುತ್ತದೆ.

ಈ ಎಲ್ಲ ಕೆಲಸಗಳಿಗೆ ಬೇಕಾದ ಸಾಮಗ್ರಿ ದುಬಾರಿಯಾದುದಲ್ಲ: ಮರದ ಕೆರೆಗೋಲು, ನೀರಿನ ಹೋಸ್, ಬದಲಿ ಬಟ್ಟೆಗಳು, ಕೆಲವು ಸೀಲ್‌ಗಳು ಮತ್ತು ಒಂದು ಲಾಗ್ ಬುಕ್. ಎಷ್ಟನೆಯ ಸುತ್ತಿನಲ್ಲಿ ಯಾವ ಪ್ಲೇಟಿನ ಬಟ್ಟೆ ಹರಿಯಿತು, ಒಂದು ಸುತ್ತಿಗೆ ಎಷ್ಟು ನಿಮಿಷ ಹಿಡಿಯಿತು, ಗೇಜು ಎಷ್ಟು ತೋರಿಸಿತು ಎಂಬುದನ್ನು ಶಿಫ್ಟಿನವರು ಬರೆದಿಟ್ಟರೆ, ಸುತ್ತಿನ ಅವಧಿ ದಿನೇದಿನೇ ಉದ್ದವಾಗುತ್ತಿರುವುದರಿಂದಲೇ ಬಟ್ಟೆ ಮುಚ್ಚಿಕೊಳ್ಳುತ್ತಿದೆಯೆಂದು ತಿಳಿಯುತ್ತದೆ, ಒಂದೇ ಪ್ಲೇಟಿನ ಬಟ್ಟೆ ಮತ್ತೆಮತ್ತೆ ಹರಿಯುವುದರಿಂದ ದೋಷ ಆ ಪ್ಲೇಟಿನದೆಂದು ಗೊತ್ತಾಗುತ್ತದೆ. ಸಣ್ಣ ಘಟಕಗಳಲ್ಲಿ ಕೊರತೆಯಾಗುವುದು ಸಮಯ. ಚಪ್ಪಡಿಗಳ ಲೆಕ್ಕದ ಮೇಲೆಯೇ ಶಿಫ್ಟಿನ ಯೋಗ್ಯತೆಯನ್ನು ಅಳೆಯುವ ಕಡೆ ಅಂಚು ಒರೆಸುವ ಕೆಲಸ ಮೊದಲು ಬಿಟ್ಟುಹೋಗುತ್ತದೆ, ಬಿಟ್ಟದ್ದರ ಬೆಲೆಯನ್ನು ಮುರಿದ ಪ್ಲೇಟು, ನಿಂತ ಗರಗಸ ಮತ್ತು ಹೊರಗಿನಿಂದ ತರಿಸಿದ ಟ್ಯಾಂಕರ್ ನೀರಿನ ರೂಪದಲ್ಲಿ ಮಾಲೀಕರೇ ತೆರುತ್ತಾರೆ. ಆದ್ದರಿಂದ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಲ್ಲು ಘಟಕಗಳ ಒಡೆಯರು ಪ್ರೆಸ್ ತೊಳೆಯುವ ಹೊತ್ತನ್ನು ಪ್ರತಿ ಶಿಫ್ಟಿನ ವೇಳಾಪಟ್ಟಿಯಲ್ಲಿಯೇ ಸೇರಿಸಿ, ಅದಕ್ಕೂ ಸಂಬಳದ ಲೆಕ್ಕದಲ್ಲಿ ಜಾಗ ಕೊಡಬೇಕು.